ಇಡೀ ಸಿಗಡಿ ಹಬೆಯಲ್ಲಿ ಬೇಯಿಸುವುದು: ಎರಡು ಸಲ ಕೆಟ್ಟಿತು, ಎಲ್ಲಿ ತಪ್ಪುತ್ತಿದ್ದೇನೆ?

ಒಂಟಿ ಅಡುಗೆ:
ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ ಬಂದು ಒಬ್ಬನೇ ಊಟ ಮಾಡುವವನು ನಾನು. ಎಣ್ಣೆ ಕಡಿಮೆ ಇರುವ, ಬೇಗ ಆಗುವ ಊಟ ಬೇಕು ಅಂತ ಸಿಗಡಿ ಹಬೆಯಲ್ಲಿ ಬೇಯಿಸಲು ಹೊರಟೆ. ಬಿಡಿಸಿದ್ದಲ್ಲ. ತಲೆ, ಚಿಪ್ಪು, ಬಾಲ ಎಲ್ಲ ಇರುವ ಇಡೀ ಸಿಗಡಿ. ಎರಡು ಸಲ ಮಾಡಿದೆ, ಎರಡು ಸಲವೂ ಕೆಟ್ಟಿತು.

ಮೊದಲ ಸಲ ಫ್ರೀಜರ್‌ನಿಂದ ತೆಗೆದದ್ದನ್ನು ಹಾಗೇ ತೂತಿನ ತಟ್ಟೆಗೆ ಸುರಿದೆ. ಕೆಳಗೆ ತಣ್ಣೀರು, ಮೇಲೆ ಮುಚ್ಚಳ, ಒಲೆ ಹಚ್ಚಿ 12 ನಿಮಿಷ. ತೆಗೆದು ನೋಡಿದರೆ ಅಂಚಿನವು ಕೆಂಪಗೆ ಉಂಡೆ ಸುತ್ತಿಕೊಂಡಿದ್ದವು, ನಡುವಿನವು ಇನ್ನೂ ಬೂದು ಬಣ್ಣ. ಮತ್ತೆ 5 ನಿಮಿಷ ಇಟ್ಟೆ. ಆಮೇಲೆ ಸುಲಿಯಲು ಹೋದರೆ ಮಾಂಸ ಅರ್ಧ ಚಿಪ್ಪಿಗೇ ಅಂಟಿಕೊಂಡು ಬಂತು. ಉಳಿದದ್ದು ಎಷ್ಟು ಅಗಿದರೂ ರಬ್ಬರ್.

ಎರಡನೇ ಸಲ ಬೆಳಿಗ್ಗೆಯೇ ಫ್ರೀಜರ್‌ನಿಂದ ತೆಗೆದು ಅಡುಗೆಕಟ್ಟೆ ಮೇಲೆ ಇಟ್ಟು ಹೋದೆ. ಸಂಜೆ ಬಂದು ಬೇಯಿಸಿದೆ. ಈ ಸಲ ಉಲ್ಟಾ. ಕುತ್ತಿಗೆ ಹತ್ತಿರ ಮಾಂಸ ಪಿಚಪಿಚ, ಬಾಯಲ್ಲಿ ಹಿಟ್ಟು ಇಟ್ಟ ಹಾಗೆ. ವಾಸನೆಯೂ ಸರಿ ಅನ್ನಿಸಲಿಲ್ಲ, ಪೂರ್ತಿ ಎಸೆದೆ. ತುಂಬಾ ಬೇಜಾರಾಯಿತು. ಸಿಗಡಿಗೆ ಇಷ್ಟು ನಿಮಿಷ ಅಂತ ಒಂದು ಲೆಕ್ಕ ಇದೆಯಾ? ದಯವಿಟ್ಟು ಹೇಳಿ.

ಉಪ್ಪುಗಾಳಿ:
ಎಸೆದದ್ದು ಒಳ್ಳೆಯದಾಯಿತು, ಅದಕ್ಕೆ ಬೇಜಾರು ಬೇಡ. ಬೆಳಿಗ್ಗೆಯಿಂದ ಸಂಜೆವರೆಗೆ ಹೊರಗಿದ್ದ ಸಿಗಡಿಯನ್ನು ಎಷ್ಟು ಬೇಯಿಸಿದರೂ ತಿನ್ನಬಾರದು. ಹೊರಗಿನ ಬಿಸಿಯಲ್ಲಿ 2 ಗಂಟೆ ಮಿತಿ. 32 ಡಿಗ್ರಿ ದಾಟಿದ ದಿನ 1 ಗಂಟೆ ಅಷ್ಟೇ. ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಹಬೆಯ ಬಿಸಿಗೂ ಹೋಗುವುದಿಲ್ಲ.

ಇನ್ನು ಪಿಚಪಿಚ ಆಗಿದ್ದಕ್ಕೆ ಕಾರಣ ತಲೆ. ಸಿಗಡಿಯ ತಲೆಯೊಳಗೆ ಅದರ ಜೀರ್ಣಗ್ರಂಥಿ ಇರುತ್ತದೆ. ಮಾಂಸವನ್ನು ಕರಗಿಸುವ ಕಿಣ್ವಗಳು ಅದರಲ್ಲೇ ಇವೆ. ಸಿಗಡಿ ಸತ್ತ ಮೇಲೆ ಆ ಕಿಣ್ವ ಸೋರಿ ಪಕ್ಕದ ಮಾಂಸಕ್ಕೆ ಇಳಿಯುತ್ತದೆ. ತಣ್ಣಗಿದ್ದರೆ ನಿಧಾನ, ಬೆಚ್ಚಗಾದರೆ ಬೇಗ. ಅದಕ್ಕೇ ನಿಮಗೆ ಬಾಲದ ಕಡೆ ಗಟ್ಟಿ, ಕುತ್ತಿಗೆ ಕಡೆ ಹಿಟ್ಟು. ತಲೆ ಇರುವ ಸಿಗಡಿ ತಂದರೆ ಅದೇ ದಿನ ಬೇಯಿಸಿ. ಆಗದಿದ್ದರೆ ತಲೆ ತೆಗೆದು ಫ್ರಿಜ್ಜಿನಲ್ಲಿ ಐಸ್ ಮೇಲೆ ಇಡಿ.

ಫ್ರೀಜರ್‌ನದ್ದಾದರೆ ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್ಜಿಗೆ ಇಳಿಸಿ. ಮರೆತರೆ ಗಾಬರಿ ಬೇಡ. ಚೀಲದ ಬಾಯಿ ಬಿಗಿಯಾಗಿ ಮುಚ್ಚಿ ತಣ್ಣೀರಲ್ಲಿ ಮುಳುಗಿಸಿ, ನೀರನ್ನು ಒಂದೆರಡು ಸಲ ಬದಲಿಸಿ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಬಿಟ್ಟುಕೊಳ್ಳುತ್ತದೆ. ಬಿಸಿನೀರು ಮಾತ್ರ ಬೇಡ.

ತೂತಿನ ತಟ್ಟೆ:
ಒಂಟಿ ಅಡುಗೆ ಅವರೇ, ನಾನು ಬಹಳ ವರ್ಷದಿಂದ ವಾರಕ್ಕೊಮ್ಮೆಯಾದರೂ ಇದನ್ನೇ ಮಾಡುವವಳು. ನಿಮಿಷದ ಲೆಕ್ಕ ಆಮೇಲೆ. ಮೊದಲು ಹಬೆ ಏನು ಮಾಡುತ್ತದೆ ಅಂತ ತಿಳಿದುಕೊಂಡರೆ ಉಳಿದದ್ದು ತಾನೇ ಸರಿಹೋಗುತ್ತದೆ.

ಹಬೆ ತಣ್ಣಗಿನ ಚಿಪ್ಪಿಗೆ ತಾಗಿದ ಕ್ಷಣ ನೀರಾಗುತ್ತದೆ. ನೀರಾಗುವಾಗ ತನ್ನಲ್ಲಿದ್ದ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ. 1 ಗ್ರಾಂ ನೀರನ್ನು 0 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು 100 ಕ್ಯಾಲರಿ ಶಾಖ ಸಾಕು. ಅದೇ 1 ಗ್ರಾಂ ಹಬೆ ನೀರಾಗುವಾಗ ಬಿಡುವುದು ಸುಮಾರು 540 ಕ್ಯಾಲರಿ. ಹಬೆ ಕೈಗೆ ತಾಗಿದರೆ ಅಷ್ಟು ಜೋರಾಗಿ ಸುಡುವುದು ಇದಕ್ಕೇ. ಸಿಗಡಿ ನಾಲ್ಕೈದು ನಿಮಿಷಕ್ಕೆ ಬೇಯುವುದೂ ಇದಕ್ಕೇ.

ಆದರೆ ಹಬೆ ಪ್ರತಿಯೊಂದು ಸಿಗಡಿಯನ್ನೂ ಮುಟ್ಟಬೇಕು ಅಲ್ವಾ? ನೀವು ರಾಶಿ ಹಾಕಿದಿರಿ. ಅಂಚಿನವು ಹಬೆ ತಿಂದವು, ನಡುವಿನವು ಒಂದರ ಕೆಳಗೆ ಒಂದು ಅಡಗಿ ಕೂತವು. ನಡುವಿನವು ಬೇಯುವಷ್ಟರಲ್ಲಿ ಅಂಚಿನವು ರಬ್ಬರ್ ಆಗದೆ ಇನ್ನೇನಾಗಬೇಕು? ಒಂದೇ ಸಾಲು, ಒಂದಕ್ಕೊಂದು ತಾಗದಂತೆ ಇಡಿ. ತಟ್ಟೆಯ ತೂತು ಅಲ್ಲಲ್ಲಿ ಕಾಣುತ್ತಿರಬೇಕು. ಜಾಸ್ತಿ ಇದ್ದರೆ ಎರಡು ಸಲ ಮಾಡಿ. ಹೇಗೂ ಐದೇ ನಿಮಿಷದ ಕೆಲಸ.

ಇನ್ನೊಂದು, ತಣ್ಣೀರಿನಿಂದ ಶುರು ಮಾಡಿದ್ದು. ನೀರು ಕಾಯುವ ತನಕ ಸಿಗಡಿ ಉಗುರುಬೆಚ್ಚಗೆ ಒದ್ದೆಯಾಗಿ ಕೂತಿರುತ್ತದೆ. ಉಪ್ಪುಗಾಳಿ ಹೇಳಿದ ಕಿಣ್ವಕ್ಕೆ ಅದು ಹಬ್ಬ. ಚಿಪ್ಪು ಅಂಟಿಕೊಳ್ಳುವುದೂ ಇದರಿಂದಲೇ ಜಾಸ್ತಿ. ಮೊದಲು ಎರಡು ಬೆರಳು ಎತ್ತರ ನೀರು ಹಾಕಿ ಜೋರು ಉರಿಯಲ್ಲಿ ಕುದಿಸಿ. ಮುಚ್ಚಳದ ಸುತ್ತ ಹಬೆ ಒಂದೇ ಸಮ ನುಗ್ಗಿ ಬರಬೇಕು, ಮುಚ್ಚಳ ಸಣ್ಣಗೆ ತಟತಟ ಅನ್ನಬೇಕು. ಆಗ ತಟ್ಟೆ ಇಳಿಸಿ, ಮುಚ್ಚಿ. ಗಡಿಯಾರ ಶುರುವಾಗುವುದು ಅಲ್ಲಿಂದ. ಕುದಿಯುವ ನೀರು ಹಾರಿ ತಟ್ಟೆಗೆ ಮುಟ್ಟಬಾರದು. ಮುಟ್ಟಿದರೆ ಅದು ಹಬೆಯಲ್ಲ, ನೀರಲ್ಲಿ ಬೇಯಿಸಿದ ಹಾಗೆ. ರುಚಿಯೆಲ್ಲ ನೀರಿಗೆ ಇಳಿಯುತ್ತದೆ.

ಈಗ ನಿಮಿಷ. ತಲೆ ಸಮೇತ ಒಂದೊಂದು 10 ಗ್ರಾಂ ತೂಗುವ ಸಣ್ಣವಕ್ಕೆ 3 ನಿಮಿಷ. 20 ಗ್ರಾಂ ಆಸುಪಾಸಿನವಕ್ಕೆ 4ರಿಂದ 5. ಇನ್ನೂ ದೊಡ್ಡವಕ್ಕೆ 6, ಹೆಚ್ಚೆಂದರೆ 7. ಆದರೆ ಗಡಿಯಾರಕ್ಕಿಂತ ಕಣ್ಣನ್ನು ನಂಬಿ. 20 ಗ್ರಾಂ ಆಸುಪಾಸಿನವಾದರೆ 4ನೇ ನಿಮಿಷಕ್ಕೆ ಒಂದನ್ನು ಹೊರಗೆ ತೆಗೆದು, ತಲೆ ಮತ್ತು ಮೈ ಸೇರುವ ಜಾಗದಲ್ಲಿ ಬಗ್ಗಿಸಿ ನೋಡಿ. ಮಾಂಸ ದಪ್ಪಗಿರುವುದು ಅಲ್ಲೇ. ಅಲ್ಲಿ ಗಾಜಿನ ಹಾಗೆ ಒಳಗೆ ಕಾಣುತ್ತಿದ್ದರೆ ಇನ್ನೂ ಅರ್ಧ ನಿಮಿಷ. ಮುತ್ತಿನ ಹಾಗೆ ಬೆಳ್ಳಗಾಗಿದ್ದರೆ ತಕ್ಷಣ ಇಳಿಸಿ.

ಬೆರಳು ಸುಟ್ಟವಳು:
ಮುಚ್ಚಳ ತೆಗೆಯುವಾಗ ನಿಮ್ಮ ಕಡೆಗಲ್ಲ, ಆಚೆ ಕಡೆಗೆ ವಾಲಿಸಿ ತೆಗೆಯಿರಿ. ಇಕ್ಕಳ ಬಳಸಿ. ಹೆಸರೇ ಹೇಳುತ್ತದೆ ನನ್ನ ಅನುಭವ.

ಕುತೂಹಲಿ:
ತೂತಿನ ತಟ್ಟೆ ಅಕ್ಕ, ಒಂದು ಸಂಶಯ. ಕೆಂಪಾದರೆ ಬೆಂದಿತು ಅಂತ ತಿಳಿದಿದ್ದೆ ನಾನು. ಬಣ್ಣ ನೋಡಿದರೆ ಸಾಲದೇ?

ತೂತಿನ ತಟ್ಟೆ:
ಸಾಲದು. ಆ ಕೆಂಪು ಸಿಗಡಿಯಲ್ಲಿ ಮೊದಲೇ ಇರುತ್ತದೆ. ಅಸ್ಟಾಜ್ಯಾಂಥಿನ್ ಅಂತ ಅದರ ಹೆಸರು, ಕ್ಯಾರೆಟ್ಟಿನ ಬಣ್ಣದ ಸಂಬಂಧಿ. ಹಸಿ ಸಿಗಡಿಯಲ್ಲಿ ಒಂದು ಪ್ರೋಟೀನು ಅದನ್ನು ಅಪ್ಪಿ ಹಿಡಿದಿರುತ್ತದೆ, ಹಾಗಾಗಿ ನಮಗೆ ನೀಲಿ ಬೂದು ಕಾಣುತ್ತದೆ. ಬಿಸಿ ತಾಗಿದಾಗ ಪ್ರೋಟೀನಿನ ಹಿಡಿತ ಸಡಿಲವಾಗಿ ಕೆಂಪು ಹೊರಗೆ ಬರುತ್ತದೆ. ಇದೆಲ್ಲ ನಡೆಯುವುದು ಚಿಪ್ಪಿನಲ್ಲಿ ಮತ್ತು ಅದರ ಕೆಳಗಿನ ತೆಳು ಪದರದಲ್ಲಿ. ಹಬೆ ಮೊದಲು ಮುಟ್ಟುವುದು ಅದನ್ನೇ. ಆದ್ದರಿಂದ ಹೊರಗೆ ಕೆಂಪಾದರೂ ಒಳಗೆ ಹಸಿ ಇರಬಹುದು.

ಬಣ್ಣಕ್ಕಿಂತ ಆಕಾರ ನಂಬಿಕೆಗೆ ಯೋಗ್ಯ. ಹಸಿಯದ್ದು ಹೆಚ್ಚುಕಮ್ಮಿ ನೆಟ್ಟಗೆ ಮಲಗಿರುತ್ತದೆ. ಬೆಂದದ್ದು ಕುಡುಗೋಲಿನ ಹಾಗೆ ಬಾಗುತ್ತದೆ. ಬಾಲ ತಲೆಗೆ ತಾಗಿ ಬಳೆಯ ಹಾಗೆ ಸುತ್ತಿಕೊಂಡರೆ ಅದು ಮಿತಿ ದಾಟಿದೆ.

ಅಳತೆ ಕಡ್ಡಿ:
ಅಡುಗೆ ಥರ್ಮಾಮೀಟರ್ ಇರುವವರಿಗೆ: ಮೀನು, ಸಿಗಡಿ ಇಂಥವಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾಮಾನ್ಯವಾಗಿ ಹೇಳುವುದು ಒಳಗಿನ ಬಿಸಿ 63 ಡಿಗ್ರಿ. ದಪ್ಪ ಸಿಗಡಿಗೆ ಮಾತ್ರ ಇದು ಉಪಯೋಗ, ಸಣ್ಣದಕ್ಕೆ ಚುಚ್ಚಲು ಜಾಗವೇ ಇಲ್ಲ. ಒಳಗೆ 70 ದಾಟಿದಂತೆ ಮಾಂಸದ ಎಳೆಗಳು ಬಿಗಿದು ನೀರನ್ನು ಹಿಂಡಿ ಹೊರಗೆ ಹಾಕುತ್ತವೆ. ರಬ್ಬರ್ ಅಂದರೆ ಅದೇ. 63ಕ್ಕೂ 70ಕ್ಕೂ ನಡುವೆ ಸಿಗುವ ಸಮಯ ಬಹಳ ಕಡಿಮೆ.

ಎತ್ತರದ ಜಾಗದಲ್ಲಿ ಇರುವವರು ಇನ್ನೊಂದು ನೆನಪಿಡಿ. ಸುಮಾರು 300 ಮೀಟರ್ ಮೇಲೇರಿದರೆ ನೀರು ಕುದಿಯುವ ಬಿಸಿ 1 ಡಿಗ್ರಿ ಇಳಿಯುತ್ತದೆ. ಹಬೆಯೂ ಅಷ್ಟು ತಣ್ಣಗಿರುತ್ತದೆ. ಅರ್ಧ ನಿಮಿಷ ಜಾಸ್ತಿ ಬೇಕಾಗಬಹುದು.

ಹಳೇ ಸೌಟು:
ಯಾರೂ ತೊಳೆಯುವ ವಿಷಯ ಎತ್ತಲಿಲ್ಲ. ಇಡೀ ಸಿಗಡಿಯಲ್ಲಿ ಅರ್ಧ ಕೆಲಸ ಇರುವುದು ಅಲ್ಲೇ.

ನಾನು ಒಂದೊಂದನ್ನೇ ಕೈಗೆ ತೆಗೆದುಕೊಳ್ಳುತ್ತೇನೆ. ಮೊದಲು ಕತ್ತರಿ. ಹಣೆಯ ಮೇಲೆ ಗರಗಸದಂಥ ಮುಳ್ಳು ಇರುತ್ತದಲ್ಲ, ಅದನ್ನು ಕಣ್ಣಿನ ಮುಂದಕ್ಕೆ ಕತ್ತರಿಸಿ ಬಿಡುತ್ತೇನೆ. ಮೀಸೆ, ಕಾಲುಗಳ ತುದಿಯೂ ಹೋಗುತ್ತವೆ. ಬಾಲದ ಬೀಸಣಿಗೆಯ ನಡುವೆ ಇನ್ನೊಂದು ಚೂಪು ಮುಳ್ಳು ಅಡಗಿರುತ್ತದೆ, ಅದನ್ನೂ ಬಿಡಬೇಡಿ. ಇವು ಬೆರಳಿಗೆ ಚುಚ್ಚಿದರೆ ಸಣ್ಣ ಗಾಯ ಅಂತ ಅಸಡ್ಡೆ ಮಾಡಬೇಡಿ. ಸೋಪು ಹಾಕಿ ತೊಳೆಯಿರಿ. ಕೆಂಪಾಗಿ ಊದಿಕೊಂಡರೆ ವೈದ್ಯರಿಗೆ ತೋರಿಸಿ.

ಆಮೇಲೆ ಬೆನ್ನಿನ ಕರಿ ದಾರ. ಅದು ಸಿಗಡಿಯ ಕರುಳು. ಚಿಪ್ಪು ಬಿಚ್ಚದೆ ತೆಗೆಯಬಹುದು. ಸಿಗಡಿಯನ್ನು ಎಡಗೈಯಲ್ಲಿ ಬೆನ್ನು ಮೇಲೆ ಬರುವಂತೆ ಬಗ್ಗಿಸಿ ಹಿಡಿಯಿರಿ. ತಲೆಯಿಂದ ಎಣಿಸಿದರೆ ಎರಡನೇ ಮತ್ತು ಮೂರನೇ ಚಿಪ್ಪಿನ ಪಟ್ಟಿಯ ನಡುವೆ ಸಣ್ಣ ಸಂದು ಬಾಯಿ ಬಿಡುತ್ತದೆ. ಅಲ್ಲಿ ಹಲ್ಲುಕಡ್ಡಿಯನ್ನು ಅಡ್ಡಕ್ಕೆ ಚುಚ್ಚಿ, ದಾರದ ಕೆಳಗೆ ಹಾಯಿಸಿ, ಮೆಲ್ಲಗೆ ಮೇಲಕ್ಕೆತ್ತಿ. ಅವಸರ ಮಾಡಿದರೆ ತುಂಡಾಗುತ್ತದೆ. ಉಸಿರು ಬಿಗಿ ಹಿಡಿದು ನಿಧಾನ ಎಳೆದರೆ ಇಡೀ ದಾರ ಒಂದೇ ಎಳೆಯಾಗಿ ಜಾರಿ ಬರುತ್ತದೆ. ಅದು ತುಂಡಾಗದೆ ಬಂದಾಗ ಈ ವಯಸ್ಸಲ್ಲೂ ನನಗೆ ಖುಷಿಯಾಗುತ್ತದೆ. ಬೇಯಿಸಿದ ಕರುಳು ತಿಂದರೆ ಅಪಾಯವೇನೂ ಇಲ್ಲ, ಆದರೆ ಮರಳು ಕಚಕಚ ಅನ್ನುತ್ತದೆ, ಒಂಚೂರು ಕಹಿಯೂ ಇರುತ್ತದೆ.

ಕೊನೆಗೆ ತಣ್ಣೀರಲ್ಲಿ ಬೇಗ ಒಮ್ಮೆ ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ. ನೀರಲ್ಲಿ ನೆನೆಸಿ ಇಡಬೇಡಿ.

ಮಂಜುಗಡ್ಡೆ:
ಬೆಂದ ಮೇಲೆ ಐಸ್ ನೀರಿಗೆ ಹಾಕಲೇಬೇಕು ಅಂತ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಒಳಗಿನ ಬಿಸಿಗೇ ಇನ್ನೂ ಬೇಯುತ್ತಾ ಹೋಗುತ್ತದೆ. ಐಸ್ ನೀರಿಗೆ ಹಾಕಿದ್ದರ ಚಿಪ್ಪೂ ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ತೂತಿನ ತಟ್ಟೆ:
ತಣ್ಣಗೆ ತಿನ್ನುವುದಾದರೆ ಒಪ್ಪುತ್ತೇನೆ. ಬಿಸಿಬಿಸಿ ತಿನ್ನುವುದಾದರೆ ಯಾಕೆ ಬೇಕು? ಚಿಪ್ಪಿನೊಳಗೆ ನಿಂತ ರಸವೇ ಈ ಅಡುಗೆಯ ಜೀವ. ಐಸ್ ನೀರಿಗೆ ಹಾಕಿದರೆ ಅದು ತೊಳೆದು ಹೋಗುತ್ತದೆ. ನಾನು ಅರ್ಧ ನಿಮಿಷ ಮೊದಲೇ ಇಳಿಸಿ ಅಗಲದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡುತ್ತೇನೆ. ಬೇಯಲು ಉಳಿದದ್ದು ಅಲ್ಲೇ ಬೇಯುತ್ತದೆ.

ಮಂಜುಗಡ್ಡೆ:
ಹೊಸಬರಿಗೆ ಆ ಅರ್ಧ ನಿಮಿಷದ ಅಂದಾಜು ಸಿಗುವುದಿಲ್ಲ ಅಕ್ಕ. ಅವರಿಗೆ ಐಸ್ ನೀರೇ ಕ್ಷೇಮ. ಹತ್ತು ಸೆಕೆಂಡು ಅದ್ದಿ ತೆಗೆದರೆ ರಸ ಅಷ್ಟೊಂದು ಹೋಗುವುದಿಲ್ಲ.

ತೂತಿನ ತಟ್ಟೆ:
ಹತ್ತು ಸೆಕೆಂಡಾದರೆ ಸರಿ. ಅರ್ಧ ಗಂಟೆ ನೆನೆಸಿಡುವವರನ್ನು ನೋಡಿ ಹೇಳಿದೆ.

ಕುತೂಹಲಿ:
ಉಪ್ಪು ಯಾವಾಗ ಹಾಕಬೇಕು?

ಹಳೇ ಸೌಟು:
ಸಿಗಡಿಯಲ್ಲಿ ತನ್ನದೇ ಉಪ್ಪಿನಂಶ ಇದೆ. ಬೇಯಿಸುವ ಮೊದಲು ಕಾಲು ಗಂಟೆ ಚಿಟಿಕೆ ಉಪ್ಪು ಸವರಿ ಇಟ್ಟರೆ ಮಾಂಸ ಬಿಗಿಯಾಗಿ, ಕಚ್ಚಿದರೆ ಕಟ್ ಅನ್ನುವ ಹಾಗೆ ಇರುತ್ತದೆ. ಕೆಳಗಿನ ನೀರಿಗೆ ಉಪ್ಪು ಹಾಕಿದರೆ ಏನೂ ಪ್ರಯೋಜನ ಇಲ್ಲ. ಉಪ್ಪು ಹಬೆಯ ಜೊತೆ ಮೇಲೇರುವುದಿಲ್ಲ. ಶುಂಠಿ, ನಿಂಬೆ ಸಿಪ್ಪೆಯ ಪರಿಮಳ ಮಾತ್ರ ಏರುತ್ತದೆ, ಅವನ್ನು ನೀರಿಗೆ ಹಾಕಿ. ಪರಿಮಳ ಇನ್ನೂ ಜಾಸ್ತಿ ಬೇಕಿದ್ದರೆ ಶುಂಠಿಯ ತೆಳು ಹೋಳುಗಳನ್ನು ಸಿಗಡಿಯ ಕೆಳಗೇ ಹಾಸಿ.

ಅಪ್ಪನ ಊಟ:
ನನ್ನ ಪ್ರಶ್ನೆ ಆರೋಗ್ಯದ್ದು. ಅಪ್ಪನಿಗೆ ಕೊಲೆಸ್ಟರಾಲ್ ಜಾಸ್ತಿ ಇದೆ. ಸಿಗಡಿ ಮುಟ್ಟಲೇಬಾರದು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅವರಿಗೋ ಸಿಗಡಿ ಅಂದರೆ ಪ್ರಾಣ. ಹಬೆಯಲ್ಲಿ ಬೇಯಿಸಿದರೆ ಪರವಾಗಿಲ್ಲವೇ?

ಅಳತೆ ಕಡ್ಡಿ:
ಅಂಕಿ ಹೇಳುತ್ತೇನೆ. ಬೇಯಿಸಿದ 100 ಗ್ರಾಂ ಸಿಗಡಿ ಮಾಂಸದಲ್ಲಿ ಸುಮಾರು 24 ಗ್ರಾಂ ಪ್ರೋಟೀನು, 100 ಕಿಲೋಕ್ಯಾಲರಿ, ಅರ್ಧ ಗ್ರಾಂಗಿಂತ ಕಡಿಮೆ ಕೊಬ್ಬು. ಕೊಲೆಸ್ಟರಾಲ್ ಮಾತ್ರ 190 ಮಿಲಿಗ್ರಾಂ ಹತ್ತಿರ. ಒಂದು ದೊಡ್ಡ ಕೋಳಿಮೊಟ್ಟೆಯಲ್ಲಿ ಇರುವಷ್ಟೇ ಅನ್ನಬಹುದು.

1996ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಪ್ರಕಟವಾಯಿತು. ಕೊಲೆಸ್ಟರಾಲ್ ಸರಿಯಾಗಿಯೇ ಇದ್ದ ಜನರಿಗೆ ದಿನಕ್ಕೆ 300 ಗ್ರಾಂ ಸಿಗಡಿ ಕೊಟ್ಟು ನೋಡಿದರು. ಕೊಲೆಸ್ಟರಾಲ್ ಕಡಿಮೆ ಇರುವ ಊಟಕ್ಕೆ ಹೋಲಿಸಿದರೆ ಕೆಟ್ಟದ್ದು ಅನ್ನುವ ಎಲ್‌ಡಿಎಲ್ ಶೇ. 7ರಷ್ಟು ಏರಿತು. ಒಳ್ಳೆಯದು ಅನ್ನುವ ಎಚ್‌ಡಿಎಲ್ ಶೇ. 12ರಷ್ಟು ಏರಿತು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಶೇ. 13ರಷ್ಟು ಇಳಿಯಿತು. ಆದರೆ ಅವರೆಲ್ಲ ಆರೋಗ್ಯವಂತರು ಅನ್ನುವುದನ್ನು ಮರೆಯಬೇಡಿ. ನಿಮ್ಮ ಅಪ್ಪನ ರಕ್ತಪರೀಕ್ಷೆ ನೋಡಿರುವ ವೈದ್ಯರನ್ನೇ ಕೇಳಿ. ಅವರು ಒಪ್ಪಿದರೆ, ಬೆಣ್ಣೆ ಎಣ್ಣೆ ಮುಟ್ಟದ ಹಬೆ ಅಡುಗೆಗಿಂತ ಒಳ್ಳೆಯ ದಾರಿ ಸಿಗಡಿಗೆ ಇಲ್ಲ.

ಅಪ್ಪನಿಗೆ ತಲೆ ಹೀರಲು ಮಾತ್ರ ಕೊಡಬೇಡಿ. ಜೀರ್ಣಗ್ರಂಥಿ ಇರುವುದು ಅಲ್ಲಿ. ಕ್ಯಾಡ್ಮಿಯಂ ಎಂಬ ಲೋಹ ಮಾಂಸಕ್ಕಿಂತ ಅಲ್ಲಿ ಜಾಸ್ತಿ ಸೇರಿಕೊಳ್ಳುತ್ತದೆ. ಅಪರೂಪಕ್ಕೆ ಒಮ್ಮೆ ತಿಂದರೆ ದೊಡ್ಡ ವಿಷಯವಲ್ಲ, ವಾರವಾರ ಬೇಡ.

ಹಳೇ ಸೌಟು:
ತಲೆಯ ರಸ ಬಿಡಬೇಕು ಅಂದರೆ ನನಗೆ ಸಂಕಟ. ಇಡೀ ಸಿಗಡಿಯ ರುಚಿ ಇರುವುದೇ ಅಲ್ಲಿ. ಆದರೂ ನೀವು ಹೇಳಿದ್ದು ನಿಜ. ಬೇಯುವಾಗ ತಲೆ ಇರಲಿ, ಆ ರಸ ಸ್ವಲ್ಪ ಮಾಂಸಕ್ಕೆ ಇಳಿಯುತ್ತದೆ. ತಿನ್ನುವಾಗ ಪಕ್ಕಕ್ಕೆ ಇಡಿ.

ಎರಡು ತಟ್ಟೆ:
ನನ್ನ ಹೆಂಡತಿಗೆ ಸಿಗಡಿ ಅಲರ್ಜಿ. ತಿಂದರೆ ತುಟಿ ಊದುತ್ತದೆ. ಚೆನ್ನಾಗಿ ಹಬೆಯಲ್ಲಿ ಬೇಯಿಸಿದರೆ ಆ ಅಂಶ ಹೋಗುತ್ತದೆ ಅಂತ ಒಬ್ಬರು ಹೇಳಿದರು. ನಿಜವೇ?

ಅಳತೆ ಕಡ್ಡಿ:
ಖಂಡಿತ ಇಲ್ಲ. ದಯವಿಟ್ಟು ಪ್ರಯೋಗ ಮಾಡಬೇಡಿ. ಸಿಗಡಿ ಅಲರ್ಜಿಗೆ ಮುಖ್ಯ ಕಾರಣ ಟ್ರೋಪೊಮಯೋಸಿನ್ ಎಂಬ ಪ್ರೋಟೀನು. ಬೇಯಿಸುವ ಬಿಸಿಯನ್ನು ಅದು ತಡೆದುಕೊಳ್ಳುತ್ತದೆ. ಇನ್ನೊಂದು ಮುಖ್ಯ ಮಾತು. ಸಿಗಡಿ ಬೇಯುವ ಹಬೆಯಲ್ಲೂ ಅದರ ಸೂಕ್ಷ್ಮ ಕಣಗಳು ಇರುತ್ತವೆ. ಅಲರ್ಜಿ ಇರುವ ಕೆಲವರಿಗೆ ಆ ಹಬೆ ಉಸಿರಾಡಿದರೂ ಉಬ್ಬಸ ಬರುತ್ತದೆ. ಅವರು ಮನೆಯಲ್ಲಿರುವಾಗ ಸಿಗಡಿ ಬೇಯಿಸದಿರುವುದೇ ಒಳ್ಳೆಯದು.

ಎರಡು ತಟ್ಟೆ:
ಹಬೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಳೆದ ಸಲ ಪಕ್ಕದಲ್ಲೇ ನಿಂತಿದ್ದಳು, ಕೆಮ್ಮು ಬಂತು, ನೆಗಡಿ ಅಂದುಕೊಂಡೆವು. ಇನ್ನು ಮನೆಯಲ್ಲಿ ಮಾಡುವುದಿಲ್ಲ. ಈ ವಾರವೇ ವೈದ್ಯರ ಹತ್ತಿರ ಹೋಗುತ್ತೇವೆ.

ಕುತೂಹಲಿ:
ಸಿಗಡಿ ತಿಂದು ನಿಂಬೆರಸ ಕುಡಿದರೆ ಆರ್ಸೆನಿಕ್ ವಿಷವಾಗುತ್ತದೆ ಅಂತ ಫೋನಿಗೆ ಒಂದು ಸಂದೇಶ ಬಂದಿತ್ತು. ಹೆದರಿಕೆ ಆಯಿತು.

ಅಳತೆ ಕಡ್ಡಿ:
ಅದು ಬಹಳ ಹಳೆಯ ಸುಳ್ಳು. ಸಿಗಡಿಯಲ್ಲಿರುವ ಆರ್ಸೆನಿಕ್ ಬಹುಪಾಲು ದೇಹಕ್ಕೆ ತೊಂದರೆ ಕೊಡದ ರೂಪದ್ದು, ಮೂತ್ರದಲ್ಲಿ ಹೊರಟುಹೋಗುತ್ತದೆ. ನಿಂಬೆ ಹಿಂಡಿಕೊಂಡು ತಿನ್ನಿ.

ಉಪ್ಪುಗಾಳಿ:
ಕೊಳ್ಳುವಾಗ ಏನು ನೋಡಬೇಕು ಅಂತಲೂ ಹೇಳಿಬಿಡುತ್ತೇನೆ. ತಲೆ ಮೈಗೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಎತ್ತಿದರೆ ಜೋತು ಬೀಳಬಾರದು. ಕಣ್ಣು ಕಪ್ಪಗೆ ಹೊಳೆಯಬೇಕು. ವಾಸನೆ ಸಮುದ್ರದ ನೀರಿನ ಹಾಗೆ ಇರಬೇಕು. ಅಮೋನಿಯಾ ಘಾಟು ಬಂದರೆ ಬೇಡವೇ ಬೇಡ. ಚಿಪ್ಪಿನ ಮೇಲೆ ಕಪ್ಪು ಕಲೆ ಕಂಡರೆ ತಕ್ಷಣ ಕೊಳೆತದ್ದು ಅನ್ನಬೇಡಿ. ಕತ್ತರಿಸಿದ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ಥರದ ಕಿಣ್ವದ ಕೆಲಸ ಅದು. ಹೊಸದಲ್ಲ ಅನ್ನುವ ಸೂಚನೆ ಹೌದು, ವಾಸನೆ ನೋಡಿ ತೀರ್ಮಾನಿಸಿ. ಆ ಕಲೆ ಬಾರದಿರಲಿ ಅಂತ ಕೆಲವು ಕಡೆ ಸಲ್ಫೈಟ್ ಎಂಬ ರಾಸಾಯನಿಕ ಬಳಸುತ್ತಾರೆ. ಆಸ್ತಮಾ ಇರುವ ಕೆಲವರಿಗೆ ಅದು ಆಗುವುದಿಲ್ಲ. ಪೊಟ್ಟಣದ ಮೇಲೆ ಬರೆದದ್ದನ್ನು ಓದಿ.

ಲೆಕ್ಕಕ್ಕೆ: ತಲೆ, ಚಿಪ್ಪು ಹೋದ ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾಂಸ ಉಳಿಯುತ್ತದೆ. ಒಬ್ಬರಿಗೆ 300 ಗ್ರಾಂ ಇಡೀ ಸಿಗಡಿ ಸಾಕು.

ಒಂಟಿ ಅಡುಗೆ:
ಮೂರನೇ ಸಲ ಮಾಡಿದೆ! ಬಿಡದೆ ಹೇಳುತ್ತೇನೆ.

ನಿನ್ನೆ ರಾತ್ರಿಯೇ ಫ್ರಿಜ್ಜಿಗೆ ಇಳಿಸಿದ್ದೆ. 14 ಸಿಗಡಿ. ಹಳೇ ಸೌಟು ಅವರು ಹೇಳಿದಂತೆ ಹಲ್ಲುಕಡ್ಡಿ ಹಿಡಿದು ಕೂತೆ. ಮೊದಲ ಐದರ ದಾರ ತುಂಡಾಯಿತು. ಆರನೆಯದು ಪೂರ್ತಿ ಬಂತು, ಅಡುಗೆಮನೆಯಲ್ಲಿ ಒಬ್ಬನೇ ಇದ್ದರೂ ಜೋರಾಗಿ ಆಹಾ ಅಂದೆ. ಏಳು ಏಳು ಮಾಡಿ ಎರಡು ಸಲ ಬೇಯಿಸಿದೆ. ಮುಚ್ಚಳ ತಟತಟ ಅನ್ನುವ ತನಕ ಕಾದೆ. 4 ನಿಮಿಷಕ್ಕೆ ಒಂದನ್ನು ಬಗ್ಗಿಸಿ ನೋಡಿದರೆ ಕುತ್ತಿಗೆ ಹತ್ತಿರ ಇನ್ನೂ ಗಾಜಿನ ಹಾಗೆ. ಅರ್ಧ ನಿಮಿಷ ಬಿಟ್ಟು ನೋಡಿದರೆ ಬೆಳ್ಳಗೆ. ಇಳಿಸಿ ತಟ್ಟೆಯಲ್ಲಿ ಹರಡಿದೆ. ಚಿಪ್ಪು ಹೊಟ್ಟೆ ಕಡೆಯಿಂದ ಹೆಬ್ಬೆರಳು ತೂರಿಸಿದ ತಕ್ಷಣ ಅಂಗಿ ಬಿಚ್ಚಿದ ಹಾಗೆ ಬಂತು. ಒಳಗೆ ರಸ ಇತ್ತು, ಬೆರಳಿಂದ ಮುಂಗೈಗೆ ಇಳಿಯಿತು. ಸಿಗಡಿ ಇಷ್ಟು ಸಿಹಿ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ.

ಎರಡನೇ ಸರದಿಯಲ್ಲಿ ನಾಲ್ಕು ಉಳಿದಿವೆ. ನಾಳೆ ತಿನ್ನಬಹುದೇ? ಪಾತ್ರೆಯ ತಳದಲ್ಲಿ ತಿಳಿ ಕೆಂಪು ನೀರು ಉಳಿದಿದೆ, ಅದನ್ನು ಚೆಲ್ಲಲೇ?

ತೂತಿನ ತಟ್ಟೆ:
ಓದಿ ತುಂಬಾ ಸಂತೋಷವಾಯಿತು! ಉಳಿದದ್ದನ್ನು ಈಗಲೇ ಮುಚ್ಚಿ ಫ್ರಿಜ್ಜಿಗೆ ಇಡಿ. ಮೂರು ದಿನದೊಳಗೆ ತಿನ್ನಿ. ಮತ್ತೆ ಬಿಸಿ ಮಾಡಿದರೆ ಬಿರುಸಾಗುತ್ತದೆ. ತಣ್ಣಗೇ ಸುಲಿದು ಸೌತೆಕಾಯಿ, ನಿಂಬೆರಸದ ಜೊತೆ ಕಲಸಿಕೊಳ್ಳಿ.

ನೀರು ಚೆಲ್ಲಬೇಡಿ. ಸುಲಿದ ಚಿಪ್ಪನ್ನೂ ಅದಕ್ಕೇ ಹಾಕಿ ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಒಂದು ಬಟ್ಟಲು ಸಾರು ಸಿಗುತ್ತದೆ.

ಒಂಟಿ ಅಡುಗೆ:
ಚಿಪ್ಪು ಕಸದ ಬುಟ್ಟಿಗೆ ಹಾಕಿಬಿಟ್ಟೆ ಅಕ್ಕ. ಮುಂದಿನ ಸಲ ಎತ್ತಿಡುತ್ತೇನೆ.